ಔಲಾದಿನ ಹೆಸರಿನ ವಕ್ಫ್

ವಕ್ಫ್ ಎಂದೊಡನೆ ನಮಗೆ ನೆನಪಾಗುವುದು ಮಸೀದಿ, ಮದರಸಾ, ಖಬರಸ್ತಾನ. ಆದರೆ ತನ್ನ ಮಕ್ಕಳು ಮೊಮ್ಮಕ್ಕಳಿಗಾಗಿಯೇ ಆಸ್ತಿಯನ್ನು ವಕ್ಫ್ ಮಾಡುವ ಪದ್ಧತಿಯೂ ಬಹಳ ಹಳೆಯದು. ಅದೇ ವಕ್ಫ್ ಅಲಲ್ ಔಲಾದ್. ಆಸ್ತಿಯನ್ನು ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ. ಅದರ ಉತ್ಪತ್ತಿ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಸಂತಾನಕ್ಕೆ ಸಲ್ಲುತ್ತದೆ. ಸಂತಾನ ನಿಂತುಹೋದರೆ ಬಡವರಿಗೆ.

ಇದು ಪುಣ್ಯದ ಕೆಲಸವೋ, ಸ್ವಾರ್ಥವೋ? ಕಲ್ಕತ್ತೆಯಿಂದ ಹೋದ ಒಂದು ಮೇಲ್ಮನವಿಯಲ್ಲಿ 1894ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದಕ್ಕೆ ಉತ್ತರ ಹೇಳಬೇಕಾಯಿತು. ಇಬ್ಬರು ಸಹೋದರರು ಬರೆದಿಟ್ಟ ವಕ್ಫ್ ಅದು. ಬಡವರ ಪಾಲು ಬರೀ ಹೆಸರಿಗಷ್ಟೇ, ನಿಜವಾದ ಉದ್ದೇಶ ಮನೆತನದ ಏಳಿಗೆಯೇ ಎಂದು ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ಮನೆಯವರ ಹೊಟ್ಟೆ ತುಂಬಿಸುವುದೂ ಸದಕಾ ಎಂಬ ನಂಬಿಕೆ ಅವರಿಗೆ ಹೊಸದು. ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿ ಅಮೀರ್ ಅಲಿ ಇದನ್ನು ಮೊದಲೇ ವಿವರವಾಗಿ ಬರೆದಿದ್ದರೂ ಫಲವಾಗಲಿಲ್ಲ.

ಅನೇಕ ಮನೆತನಗಳು ಕಂಗಾಲಾದವು. ಮೌಲಾನಾ ಶಿಬ್ಲಿ ನೊಮಾನಿ ಚಳವಳಿ ನಡೆಸಿದರು. ಮುಹಮ್ಮದ್ ಅಲಿ ಜಿನ್ನಾ 1911ರಲ್ಲಿ ಮಸೂದೆ ಮಂಡಿಸಿದರು. 1913ರಲ್ಲಿ ಅದು ಕಾಯ್ದೆಯಾಯಿತು. ಅದಕ್ಕೂ ಹಿಂದಿನ ವಕ್ಫ್‌ಗಳಿಗೆ ರಕ್ಷಣೆ ಸಿಗಲು 1930ರವರೆಗೆ ಕಾಯಬೇಕಾಯಿತು.

ಈಗ ತಂದೆಯ ಮನಸ್ಸನ್ನು ಸ್ವಲ್ಪ ನೋಡಿ. ಜಮೀನು ಚೂರುಚೂರಾಗಬಾರದು, ದುಂದುಗಾರ ಮಗ ಮಾರಿಕೊಳ್ಳಬಾರದು, ಸಾಲಗಾರ ಜಪ್ತಿ ಮಾಡಬಾರದು. ಹನಫಿಯಾಗಿದ್ದರೆ ತನ್ನ ಜೀವಿತಾವಧಿಯ ಖರ್ಚನ್ನೂ ಅದೇ ಉತ್ಪತ್ತಿಯಿಂದ ಇಟ್ಟುಕೊಳ್ಳಬಹುದೆಂದು 1913ರ ಕಾಯ್ದೆಯೇ ಹೇಳಿತು. ಒಂದೇ ಕಾಗದದಲ್ಲಿ ತಾನು, ತನ್ನ ಮಕ್ಕಳು, ಕೊನೆಗೆ ಊರ ಬಡವರು!

ಈ ಅಕ್ಕರೆಯಲ್ಲಿ ಮಗಳ ಜಾಗ ಎಲ್ಲಿ? ಔಲಾದ್ ಎಂಬ ಪದದಲ್ಲಿ ಗಂಡು, ಹೆಣ್ಣು ಇಬ್ಬರೂ ಇದ್ದಾರೆ. ವಾರಸಿನಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲನ್ನು ಕುರ್‌ಆನ್ ನಿಗದಿಪಡಿಸಿದೆ. ವಸಿಯ್ಯತ್ ಬರೆದರೂ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ಆದರೆ ಬದುಕಿದ್ದಾಗಲೇ ವಕ್ಫ್ ಮಾಡಿದರೆ ಯಾರಿಗೆ ಎಷ್ಟೆಂಬುದು ಬರೆಯುವವನ ಇಚ್ಛೆ. ಮಗಳಿಗೆ ಸಮಪಾಲು ಕೊಡಲೂ ದಾರಿಯಿತ್ತು, ಗಂಡುಸಂತಾನಕ್ಕೆ ಮಾತ್ರ ಎಂದು ಬರೆಯಲೂ ದಾರಿಯಿತ್ತು. ಭೂಮಿ ಅಳಿಯನ ಮನೆ ಸೇರಬಾರದೆಂಬುದು ಶರೀಅತ್ತಿನ ಮಾತಲ್ಲ, ನಮ್ಮ ನೆಲದ ರೂಢಿ. 1937ರ ಶರೀಅತ್ ಕಾಯ್ದೆ ಕೂಡ ಕೃಷಿಭೂಮಿಯನ್ನು ಹೊರಗಿಟ್ಟಿತು. ಹಳ್ಳಿಯ ಮಗಳಿಗೆ ಬೇರೇನು ಆಸ್ತಿ ಇತ್ತು?

ಔಲಾದಿನ ವಕ್ಫ್‌ನಿಂದ ಹೆಣ್ಣುಮಕ್ಕಳೂ ಸೇರಿದಂತೆ ಯಾವ ವಾರಸುದಾರರ ಹಕ್ಕೂ ತಪ್ಪಬಾರದೆಂಬ ಮಾತು ವಕ್ಫ್ ಕಾಯ್ದೆಗೆ ಸೇರಿದ್ದು 2025ರ ತಿದ್ದುಪಡಿಯಲ್ಲಿ.