ಮಕ್ಕಳ ಎತ್ತರದಲ್ಲಿ ನಾಡಿನ ಚರಿತ್ರೆ

ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾದಾಗ ಹಿಂದಿನ ವರ್ಷದ ಸಮವಸ್ತ್ರ ಗಿಡ್ಡವಾಗಿರುವುದನ್ನು ನೀವು ಕಂಡಿರಬಹುದು. ಈ ದಿಢೀರ್ ಬೆಳವಣಿಗೆಗೂ ಒಂದು ಚರಿತ್ರೆಯಿದೆ.

ಚಿತ್ರದುರ್ಗವನ್ನು ಕೊನೆಯ ಮದಕರಿನಾಯಕನು ಆಳುತ್ತಿದ್ದ ಕಾಲದಲ್ಲಿ, ದೂರದ ಫ್ರಾನ್ಸಿನಲ್ಲಿ ಮಾಂಬೆಯಾರ್ ಎಂಬಾತ ತನ್ನ ಮಗನ ಎತ್ತರವನ್ನು 1759ರಿಂದ 1777ರವರೆಗೆ, ಹುಟ್ಟಿನಿಂದ ಹದಿನೆಂಟರ ವಯಸ್ಸಿನವರೆಗೆ, ಅಳೆದು ಬರೆದಿಟ್ಟ. ಮಗು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ ಎಂಬುದಕ್ಕೆ ಆ ದಾಖಲೆಯೇ ಸಾಕ್ಷಿಯಾಯಿತು. ಮೊದಲ ವರ್ಷದಲ್ಲಿ ಮಗು ಸುಮಾರು 25 ಸೆಂ.ಮೀ. ಬೆಳೆಯುತ್ತದೆ. ಶಾಲೆಯ ವಯಸ್ಸಿನಲ್ಲಿ ಇದು ವರ್ಷಕ್ಕೆ 5-6 ಸೆಂ.ಮೀ.ಗೆ ಇಳಿಯುತ್ತದೆ. ಹರೆಯದ ಹೊಸ್ತಿಲಲ್ಲಿ ವೇಗ ಮತ್ತೆ ಏರುತ್ತದೆ: ಹುಡುಗಿಯರಲ್ಲಿ ಸುಮಾರು 12ರಲ್ಲಿ, ಹುಡುಗರಲ್ಲಿ ಸುಮಾರು 14ರಲ್ಲಿ. ಒಬ್ಬೊಬ್ಬರಿಗೆ ಇದು ಒಂದೆರಡು ವರ್ಷ ಹಿಂದುಮುಂದಾಗುವುದು ಸಹಜ. ಆದ್ದರಿಂದ ತರಗತಿಯ ಸಾಲಿನಲ್ಲಿ ಮುಂದೆ ನಿಲ್ಲುವ ಗಿಡ್ಡ ಹುಡುಗನನ್ನು ಯಾರೂ ಹಾಸ್ಯ ಮಾಡಬಾರದು.

ಆದರೆ ಈ ಬೆಳವಣಿಗೆಗೆ ಅನ್ನ ಬೇಕು. 1876-78ರ ಭೀಕರ ಕ್ಷಾಮವನ್ನು ನೆನೆಯಿರಿ. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಬದುಕುಳಿದ ಎಷ್ಟು ಮಕ್ಕಳ ಬೆಳೆಯುವ ವರ್ಷಗಳು ಹಸಿವಿನಲ್ಲೇ ಕಳೆದಿರಬೇಕು! ಮುಂದೆ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಈ ಒಣ ಸೀಮೆಯ ಹೊಲಗಳಿಗೆ ನೀರುಣಿಸಿತು. ಅಂಗನವಾಡಿಗಳ ಯೋಜನೆ 1975ರಲ್ಲಿ ಬಂದಿತು. 2002ರಲ್ಲಿ ರಾಜ್ಯದ 7 ಜಿಲ್ಲೆಗಳಲ್ಲಿ ಆರಂಭವಾದ ಶಾಲೆಯ ಬಿಸಿಯೂಟ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. 2013ರಲ್ಲಿ ಶಾಲೆಯ ಹಾಲೂ ಸೇರಿತು. ಅಣೆಕಟ್ಟು, ಅಂಗನವಾಡಿ, ಬಿಸಿಯೂಟ ಇವೆಲ್ಲವೂ ಮಕ್ಕಳ ಎತ್ತರದ ಚರಿತ್ರೆಯ ಪುಟಗಳೇ.

ಹೊಸದುರ್ಗ, ಹೊಳಲ್ಕೆರೆಗಳ ಹೊಲಗಳಲ್ಲಿ ಬೆಳೆಯುವ ರಾಗಿಯಂತೂ ಮೂಳೆಗೆ ಒಳ್ಳೆಯ ಆಹಾರ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅದರ ಜೊತೆಗೆ ಬೇಳೆ, ಸೊಪ್ಪು, ಹಾಲು, ಮೊಟ್ಟೆಗಳೂ ಬೇಕು.

ಕೊನೆಯದಾಗಿ ಒಂದು ಮಾತು. ಬೆಳೆಯುವ ಸರದಿ ಮನೆಯಲ್ಲಿ ಮೊದಲು ಬರುವುದು ಹೆಣ್ಣುಮಗುವಿಗೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಅವಳಿಗೆ ಬಡಿಸಿದರೆ, ಕಳೆದ ಆ ಎರಡು ಮೂರು ವರ್ಷಗಳು ಮರಳಿ ಬರುವುದು ಕಷ್ಟ. ಈ ದಿನ ಮನೆಯಲ್ಲಿ ಊಟಕ್ಕೆ ಕುಳಿತಾಗ ನಿಮ್ಮ ತಂಗಿಯ ತಟ್ಟೆಯ ಕಡೆಗೂ ಒಮ್ಮೆ ನೋಡಿ.