ಕೈ ಹೊಸೆಯುವ ಮಕ್ಕಳು

1954ನೆಯ ಇಸವಿ. ವಿಯೆನ್ನಾ ನಗರದ ವೈದ್ಯ ಆಂಡ್ರಿಯಾಸ್ ರೆಟ್ ಅವರ ಚಿಕಿತ್ಸಾಲಯದಲ್ಲಿ ಇಬ್ಬರು ಬಾಲಕಿಯರು ತಾಯಂದಿರ ತೊಡೆಯ ಮೇಲೆ ಕುಳಿತು ಸರದಿ ಕಾಯುತ್ತಿದ್ದರು. ಇಬ್ಬರೂ ನೀರಿಲ್ಲದೆ ಕೈ ತೊಳೆಯುವವರಂತೆ ಎಡೆಬಿಡದೆ ಕೈ ಹೊಸೆಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ತಮ್ಮ ಹಳೆಯ ರೋಗಿಗಳಲ್ಲಿಯೂ ಅಂಥ ಬಾಲಕಿಯರಿದ್ದುದು ಅವರಿಗೆ ಹೊಳೆಯಿತು. ಹುಟ್ಟಿ ಆರರಿಂದ ಹದಿನೆಂಟು ತಿಂಗಳವರೆಗೆ ನಲಿದಾಡಿಕೊಂಡಿದ್ದ ಮಗು ಬರಬರುತ್ತ ಕಲಿತ ಮಾತನ್ನು ಮರೆಯುತ್ತದೆ. ಕೈಗೆ ಹಿಡಿತ ತಪ್ಪುತ್ತದೆ. ನಡಿಗೆ, ಉಸಿರಾಟ ಕ್ರಮಗೆಡುತ್ತವೆ.

ರೆಟ್ 1966ರಲ್ಲಿ ಇದನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಹೊರಗಿನವರು ಗಮನಿಸಿದ್ದು ಅತ್ಯಲ್ಪ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಸಂಗಡಿಗರು 35 ಬಾಲಕಿಯರ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಬರೆದು, ರೋಗಕ್ಕೆ ರೆಟ್ ಅವರ ಹೆಸರನ್ನೇ ಇಟ್ಟ ಮೇಲೆ ಲೋಕ ಕಣ್ತೆರೆಯಿತು.

ಇತ್ತ ಸ್ಕಾಟ್ಲೆಂಡಿನ ಏಡ್ರಿಯನ್ ಬರ್ಡ್ ಈ ಮಕ್ಕಳನ್ನು ಕುರಿತು ಯೋಚಿಸುತ್ತಿರಲಿಲ್ಲ. ಅವರ ಪ್ರಶ್ನೆ ಬೇರೆ. ಡಿ.ಎನ್.ಎ. ಎಂಬುದು ಜೀವಕೋಶದ ಮೂಲಗ್ರಂಥ. ಅಗತ್ಯವಾದ ಪುಟವನ್ನಷ್ಟೇ ಕೋಶವು ನಕಲು ಮಾಡಿಕೊಳ್ಳುತ್ತದೆ, ಇದೇ ಪ್ರತಿಲೇಖನ. ಯಾವ ಪುಟ ಸುಮ್ಮನಿರಬೇಕೆಂಬುದನ್ನು ಹೇಳುವವರಾರು? 1992ರಲ್ಲಿ ಬರ್ಡ್ ತಂಡ ಡಿ.ಎನ್.ಎ. ಮೇಲಿನ ಮೀಥೈಲ್ ಗುರುತುಗಳಿಗೆ ಅಂಟಿಕೊಳ್ಳುವ ಪ್ರೋಟೀನೊಂದನ್ನು ವರದಿ ಮಾಡಿತು. ಅದರ ಮುಖ್ಯ ಕೆಲಸ ಪ್ರತಿಲೇಖನವನ್ನು ತಗ್ಗಿಸುವುದೆಂದು ಮುಂದೆ ತಿಳಿಯಿತು. ಅದರ ವಂಶವಾಹಿಗೆ ಎಂ.ಇ.ಸಿ.ಪಿ.-2 ಎಂದು ಹೆಸರು.

ಎರಡು ದಾರಿಗಳು 1999ರಲ್ಲಿ ಕೂಡಿದವು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಹುದಾ ಜೋಗ್ಬಿ ಅವರ ತಂಡ ರೆಟ್ ರೋಗದ ಮೂಲ ಈ ವಂಶವಾಹಿಯ ದೋಷವೇ ಎಂದು ತೋರಿಸಿತು. ಅದರ ನೆಲೆ ಎಕ್ಸ್ ವರ್ಣತಂತು. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಕೆಲವು ಕೋಶಗಳಾದರೂ ಸರಿಯಾದ ಪ್ರತಿಯನ್ನು ಬಳಸುತ್ತವೆ. ಒಂದೇ ಎಕ್ಸ್ ಇರುವ ಗಂಡುಮಗುವಿಗೆ ಪೆಟ್ಟು ಬಹುತೇಕ ಇನ್ನೂ ತೀವ್ರ. ಈ ವಂಶವಾಹಿ ಇಮ್ಮಡಿಯಾದರೂ ಕೇಡೇ: ಅದರಿಂದ ಬರುವ ಇನ್ನೊಂದು ರೋಗ ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತದೆ. ರೆಟ್ ರೋಗದ ದೋಷವಾದರೋ ಬಹುಪಾಲು ಆ ಮಗುವಿನಲ್ಲೇ ಹೊಸದಾಗಿ ತಲೆದೋರಿದ್ದು. ಎಲ್ಲಿ ತಪ್ಪಿದೆವೋ ಎಂದು ಕೊರಗುವ ತಾಯಿತಂದೆಗಳಿಗೆ ವಿಜ್ಞಾನ ಕೊಟ್ಟ ಉತ್ತರವಿದು.

2007ರಲ್ಲಿ ಬರ್ಡ್ ತಂಡ ಈ ವಂಶವಾಹಿಯನ್ನು ತಡೆಹಿಡಿದು ಬೆಳೆಸಿದ್ದ ಇಲಿಗಳು ಕಾಯಿಲೆ ಬಿದ್ದ ಮೇಲೆ ಅದನ್ನು ಮತ್ತೆ ಚಾಲನೆಗೊಳಿಸಿತು. ಅವುಗಳಲ್ಲಿ ಹೆಚ್ಚಿನವು ಚೇತರಿಸಿಕೊಂಡವು. ಮನುಷ್ಯರಲ್ಲಿ ಅದು ಇನ್ನೂ ಸಾಧಿಸಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೋಫಿನೆಟೈಡ್ ಎಂಬ ಔಷಧಿ ಕೆಲವು ಲಕ್ಷಣಗಳನ್ನಷ್ಟೇ ತಗ್ಗಿಸಬಲ್ಲದು. ಆದರೂ ಆ ಇಲಿಗಳು ಒಂದು ಮಾತನ್ನು ಸ್ಪಷ್ಟಪಡಿಸಿವೆ: ಈ ರೋಗದಲ್ಲಿ ನರಕೋಶಗಳು ಸತ್ತುಹೋಗಿರುವುದಿಲ್ಲ. ಮಾತು ನಿಂತ ಮಗುವನ್ನು ಕೈಬಿಡಲು ನಮಗೆ ಇನ್ನು ಯಾವ ನೆಪವೂ ಉಳಿದಿಲ್ಲ.