ನಕಲಿ ದ್ವೀಪಗಳ ನಿಜ ಚರಿತ್ರೆ

ಸಂಶೋಧನೆಗೆಂದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ಗೆ ಬಂದ ಮೊದಲ ಚಳಿಗಾಲ. ಗೆಳೆಯ ನನ್ನನ್ನು ಕಾರಿನಲ್ಲಿ ಕರೆದೊಯ್ದು ಈಸ್ಟ್ ಬ್ರಾಡ್ ಸ್ಟ್ರೀಟಿನ ಔಷಧಿ ಅಂಗಡಿಯೊಂದರ ಮುಂದೆ ನಿಲ್ಲಿಸಿದ. "ಇಲ್ಲೇ ಇತ್ತು" ಎಂದ. ನನಗೆ ಕಂಡದ್ದು ಹಿಮ ಮಾತ್ರ.

ಇದ್ದದ್ದು 'ಕಹಿಕಿ'. 1961ರಲ್ಲಿ ತೆರೆದ ಭಾರೀ ರೆಸ್ಟೋರೆಂಟ್. ದೋಣಿಯನ್ನು ನೆನಪಿಸುವ ಎತ್ತರದ ಮಾಡು, ಬಾಗಿಲಲ್ಲಿ ನೆತ್ತಿಯ ಮೇಲೆ ಬೆಂಕಿ ಹೊತ್ತ ಈಸ್ಟರ್ ದ್ವೀಪದ ಶಿಲ್ಪಗಳ ನಕಲು, ಒಳಗೆ ಕೃತಕ ಮಳೆ. ಅಮೆರಿಕದ 'ಟಿಕಿ' ಸಂಸ್ಕೃತಿಯ ದೊಡ್ಡ ಗುಡಿಗಳಲ್ಲಿ ಒಂದು.

ಪಾಲಿನೇಷ್ಯಾದಲ್ಲಿ ಟಿಕಿ ಎಂದರೆ ಕೆತ್ತಿದ ಮನುಷ್ಯಾಕೃತಿ. ಮಾವೋರಿ ಕತೆಗಳಲ್ಲಿ ಮೊದಲ ಮನುಷ್ಯನ ಹೆಸರೂ ಹೌದು. ಅಮೆರಿಕದಲ್ಲಿ ಅದು ಬಾರಿನ ಅಲಂಕಾರವಾಯಿತು. 1933ರಲ್ಲಿ ಪಾನನಿಷೇಧ ಮುಗಿದ ಹೊತ್ತಿಗೆ ಅರ್ನೆಸ್ಟ್ ಗ್ಯಾಂಟ್ ಎಂಬಾತ ಹಾಲಿವುಡ್‌ನಲ್ಲಿ 'ಡಾನ್ ದ ಬೀಚ್‌ಕೋಂಬರ್' ಶುರುಮಾಡಿದ. ರಮ್, ಹಣ್ಣಿನ ರಸ, ಬಿದಿರು, ಮಂದ ಬೆಳಕು. ಮಹಾಯುದ್ಧ ಮುಗಿಸಿ ಪೆಸಿಫಿಕ್‌ನಿಂದ ಮರಳಿದ ಸೈನಿಕರು ದ್ವೀಪಗಳ ಕತೆ ತಂದರು. 1959ರಲ್ಲಿ ಹವಾಯಿ ರಾಜ್ಯವಾಯಿತು. ಊರೂರಲ್ಲಿ ನಕಲಿ ದ್ವೀಪಗಳು ಎದ್ದವು.

ನನಗೆ ಇದು ರೇಗಿಸಿತು. 1946ರಲ್ಲಿ ಬಿಕಿನಿ ದ್ವೀಪದ ಜನರನ್ನು ಅವರ ನೆಲದಿಂದ ಎಬ್ಬಿಸಿ, 1958ರವರೆಗೆ ಅಲ್ಲಿ 23 ಅಣ್ವಸ್ತ್ರ ಪರೀಕ್ಷೆ ನಡೆಸಿದ ದೇಶ ಇದೇ. ಅದೇ ವರ್ಷಗಳಲ್ಲಿ ಇಲ್ಲಿ ಹೂಮಾಲೆ ಹಾಕಿಕೊಂಡು ಕುಡಿಯುವುದೇ? ಗೆಳೆಯನಿಗೆ ಹಾಗೆಯೇ ಹೇಳಿದೆ. ಅವನು ವಾದಿಸಲಿಲ್ಲ. ಮರುವಾರ ತನ್ನ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲೆ ಸುರಿದ: ಹಳೆಯ ಬೆಂಕಿಪೊಟ್ಟಣ, ಮೆನು, ಮೋಟೆಲ್‌ಗಳ ಪೋಸ್ಟ್‌ಕಾರ್ಡ್. ಪ್ರತಿಯೊಂದರ ಹಿಂದೆ ವಿಳಾಸ, ಆ ಜಾಗಕ್ಕೆ ಅವನು ಹೋದ ದಿನಾಂಕ.

ಅವುಗಳ ನಡುವಿನಿಂದ ಒಂದು ಹೆಸರು ತೋರಿಸಿದ. ರೇ ಬುಹೆನ್. ಫಿಲಿಪ್ಪೀನ್ಸ್‌ನಿಂದ ಬಂದವನು, ಗ್ಯಾಂಟ್‌ನ ಬಾರಿನಲ್ಲಿ ದುಡಿದು, 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ವಂತದ 'ಟಿಕಿ-ಟಿ' ತೆರೆದವನು. ಮಾಲೀಕರ ಹೆಸರಲ್ಲಿ ಪ್ರಸಿದ್ಧವಾದ ಪಾನೀಯಗಳನ್ನು ಬೆರೆಸಿದವರಲ್ಲಿ ಅನೇಕರು ಅವನಂಥ ವಲಸಿಗರು. "ದ್ವೀಪ ಸುಳ್ಳು, ಒಪ್ಪಿದೆ. ದುಡಿದವರು ಸುಳ್ಳಲ್ಲವಲ್ಲ. ಕಟ್ಟಡ ಹೋದರೆ ಅವರನ್ನು ಎಲ್ಲಿ ಹುಡುಕುತ್ತಿ?" ಎಂದು ಕೇಳಿದ.

ಕಹಿಕಿ 1997ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿ ಸೇರಿತ್ತು. ಪಟ್ಟಿ ಖಾಸಗಿ ಮಾಲೀಕರ ಕೈ ಕಟ್ಟುವುದಿಲ್ಲ. 2000ದಲ್ಲಿ ಕೆಡವಿದರು.

ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ ಬಳಿಯಿರುವ 'ಮೈ-ಕೈ' 1956ರದ್ದು. 2020ರ ಮಳೆಗೆ ಮಾಡು ಹಾಳಾಗಿ ಮುಚ್ಚಿತು. ತೆರೆದ ದಿನ ಇಬ್ಬರೂ ಹೋಗೋಣ ಎಂದಿದ್ದ. 2024ರ ಕೊನೆಗೆ ತೆರೆಯಿತು. ಅಷ್ಟರಲ್ಲಿ ಕಾಯಿಲೆ ಅವನನ್ನು ಒಯ್ದಿತ್ತು.

ಒಬ್ಬನೇ ಹೋದೆ. ನನ್ನ ತಕರಾರು ಇನ್ನೂ ಹಾಗೇ ಇದೆ. ಬಿಕಿನಿಯ ಜನರಿಗೆ ಆದದ್ದನ್ನು ಯಾವ ಚಂದದ ಮಾಡೂ ಮುಚ್ಚಲಾರದು. ಆದರೂ ಲೋಟ ತಂದಿಟ್ಟವರ ಹೆಸರು ಕೇಳಿದೆ, ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ವಿಚಾರಿಸಿದೆ. ಹೊರಡುವ ಮುನ್ನ ಮೇಜಿನ ಮೇಲಿದ್ದ ಕಾಗದದ ತುಂಡೊಂದರ ಹಿಂದೆ ವಿಳಾಸ, ದಿನಾಂಕ ಬರೆದುಕೊಂಡೆ. ಈಗ ಅದು ಅವನ ಪೆಟ್ಟಿಗೆಯಲ್ಲಿದೆ.